ಕೆಂಪು ಚೌಕಟ್ಟಿನ ಗುಳಿಗೆ

ಈ ಸಲ ನನ್ನ ತಪ್ಪೊಂದನ್ನೇ ನಿಮ್ಮ ಮುಂದೆ ಹೇಳಿಕೊಳ್ಳುವೆನು.

ಬೇಸಿಗೆಯಲ್ಲಿ ನಮ್ಮ ತೀರ್ಥರೂಪರು ಧಾರವಾಡದಿಂದ ಪುಣೆಗೆ ಬಂದರು. ನಿದ್ರೆ ಬಾರದೆಂದು ಅಲ್ಲಿಯ ಡಾಕ್ಟರರು ಕೊಟ್ಟಿದ್ದ ಅಲ್ಪ್ರಜೋಲಾಂ ಗುಳಿಗೆ ತೀರಿತ್ತು. ಹಳೆಯ ಚೀಟಿ ಹಿಡಿದು ಓಣಿಯ ಔಷಧದಂಗಡಿಗೆ ಹೋದೆ. ಅಂಗಡಿಯವರು ಚೀಟಿ ನೋಡಿ, "ಇದರ ಮೇಲೆ ಒಮ್ಮೆ ಕೊಟ್ಟಾಗಿದೆ, ಮತ್ತೆ ಕೊಡಲಾಗದು" ಎಂದರು. ಪರವೂರಿನವರೆಂದು ಹೀಗೆನ್ನುತ್ತಾರೆಂದು ಸಿಡುಕಿದೆ. ಕಚೇರಿಯಲ್ಲಿ ದಿನವಿಡೀ ಜನರಿಗೆ "ಈ ಕಾಗದ ನಡೆಯದು" ಎನ್ನುವ ಕಾರಕೂನನಿಗೆ ಆ ಸಿಟ್ಟು ಶೋಭಿಸದು!

ನಿಯಮ ತೆಗೆದು ನೋಡಿದರೆ ಅವರದೇ ಸರಿ. 1945ರ ಔಷಧ ನಿಯಮಗಳಂತೆ, ಮತ್ತೊಮ್ಮೆ ಕೊಡಬಹುದೆಂದು ಡಾಕ್ಟರರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟ ಅಂಗಡಿಯವರು ತಮ್ಮ ಹೆಸರು, ವಿಳಾಸ, ತಾರೀಖನ್ನು ಅದರ ಮೇಲೆ ಬರೆಯಬೇಕು. ಧಾರವಾಡದವರು ಬರೆದೇ ಇದ್ದರು. 2014ರ ಮಾರ್ಚ್ 1ರಿಂದ ಈ ಗುಳಿಗೆ 'ಎಚ್-1' ಪಟ್ಟಿಯಲ್ಲಿದೆ. ಡಾಕ್ಟರರ ಹೆಸರು, ರೋಗಿಯ ಹೆಸರು, ಎಷ್ಟು ಗುಳಿಗೆ ಎಂಬುದನ್ನೆಲ್ಲ ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಕೆಂಪು ಚೌಕಟ್ಟಿನೊಳಗಿನ ಎಚ್ಚರಿಕೆಯೇ ಅದರ ಗುರುತು.

ಇಲ್ಲಿಯ ಡಾಕ್ಟರರಿಂದ ಹೊಸ ಚೀಟಿ ಪಡೆದೆವು. ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಆಡಿಟ್ ವಾರದಲ್ಲಿ ನನ್ನ ನಿದ್ರೆಯೂ ಹಾರಿತು. ನಡುರಾತ್ರಿ ತಂದೆಯವರ ಡಬ್ಬಿಯಿಂದ ಒಂದು ಗುಳಿಗೆ ನುಂಗಿದೆ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಸ್ಕೂಟರಿನಲ್ಲಿ ಹೊರಟೆ. ತಿರುವಿನಲ್ಲಿ ರಿಕ್ಷಾ ನಿಂತದ್ದು ಕಣ್ಣಿಗೆ ಕಂಡಿತು, ಕೈ ಬ್ರೇಕು ಹಿಡಿಯಲು ತಡಮಾಡಿತು. ಹಿಂದಿನಿಂದ "ಅಪ್ಪಾ!" ಎಂದು ಚೀರಿದಳು. ಇಬ್ಬರೂ ಬಿದ್ದೆವು. ಪುಣ್ಯಕ್ಕೆ ಅವಳ ಮೊಣಕಾಲು ತರಚಿತಷ್ಟೆ.

1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಕುಡುಕರಿಗೆ ಮಾತ್ರವೆಂದು ತಿಳಿದಿದ್ದೆ. ಮದ್ದಿನ ಅಮಲಿನಲ್ಲಿ ವಾಹನವನ್ನು ಹತೋಟಿಯಲ್ಲಿಡಲಾರದವರೂ ಅದರಲ್ಲಿ ಬರುತ್ತಾರೆ. 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮದ್ಯಕ್ಕಾದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿಯಿದೆ. ಆ ಕಲಮಿನಲ್ಲಿ ಗುಳಿಗೆಗೆ ಅಂಥ ಅಂಕಿಯಿಲ್ಲ. ಡಾಕ್ಟರರೇ ಕೊಟ್ಟದ್ದೆಂಬ ವಿನಾಯಿತಿಯೂ ಅಲ್ಲಿ ಕಾಣದು. ನನಗಂತೂ ಯಾವ ಡಾಕ್ಟರರೂ ಕೊಟ್ಟಿರಲಿಲ್ಲ.

ತಂದೆಯವರು ಈಗ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ. ಮಗಳು ಸ್ಕೂಟರು ಹತ್ತುವ ಮುನ್ನ ದಿನವೂ ಕೇಳುತ್ತಾಳೆ: "ಅಪ್ಪಾ, ರಾತ್ರಿ ನಿದ್ದಿ ತಾನ ಬಂತೇನು?"