ಬಾಟಲಿ ನೀರು ಪಾಸು, ಮೀನಿನ ಗತಿ?

ಫ್ಯಾಕ್ಟರಿ ನೀರು ಸೇರುವ ಕೆರೆಯಲ್ಲಿ ಮೀನು ಸತ್ತು ತೇಲಿದರೆ ಸುದ್ದಿ. ನಾನೂ ಫೋಟೊ ಕಳಿಸಿದ್ದೇನೆ. ಅಧಿಕಾರಿಗಳು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ‘ನೀರು ಮಿತಿಯೊಳಗಿದೆ’ ಅಂದರೆ ಎಲ್ಲರೂ ಸುಮ್ಮನಾಗುತ್ತೇವೆ, ನಾನೂ ಸೇರಿ. ಸಾಯದೆ ಉಳಿದ ಮೀನು ಸಂತೆಗೆ ಹೋಗುತ್ತದೆ.

ಆ ಮೀನಿನದೇ ಭಯ. ಪಾದರಸದಂಥ ವಿಷ ಪಾಚಿಯಲ್ಲಿ ಚೂರೇ ಇರುತ್ತದೆ. ಪಾಚಿ ತಿನ್ನುವ ಹುಳುವಿನಲ್ಲಿ ಇನ್ನಷ್ಟು, ಹುಳು ತಿನ್ನುವ ಸಣ್ಣ ಮೀನಿನಲ್ಲಿ ಮತ್ತಷ್ಟು. ಅದನ್ನು ನುಂಗುವ ದೊಡ್ಡ ಮೀನಿನಲ್ಲಿ ನೀರಿನಲ್ಲಿರುವುದಕ್ಕಿಂತ 10 ಲಕ್ಷ ಪಟ್ಟು ಇರಬಹುದು. ಮಾಂಸದಲ್ಲೇ ಸೇರಿರುವುದರಿಂದ ತೊಳೆದರೂ ಹೋಗದು, ಬೇಯಿಸಿದರೂ ಹೋಗದು.

ಜಪಾನಿನ ಮಿನಮಾಟಾದಲ್ಲಿ ಚಿಸ್ಸೊ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸದ ನೀರನ್ನು ಸಮುದ್ರಕ್ಕೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಬೆಸ್ತರ ಕೈಕಾಲು ನಡುಗಿದವು, ಮಾತು ತೊದಲಿತು. ಗಟ್ಟಿಮುಟ್ಟಾಗಿ ಕಾಣುತ್ತಿದ್ದ ತಾಯಂದಿರಿಗೂ ರೋಗದ ಮಕ್ಕಳು ಹುಟ್ಟಿದವು. ರೋಗ ದಾಖಲಾದದ್ದು 1956ರಲ್ಲಿ. ಕಾರ್ಖಾನೆಯೇ ಕಾರಣ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ನಡುವಿನ 12 ವರ್ಷವೂ ವಿಷ ಹರಿಯುತ್ತಲೇ ಇತ್ತು.

ಆ ಊರಿನ ಹೆಸರಿನ ಪಾದರಸ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿದೆ.

ನಮ್ಮ ಕೆರೆಗಳಲ್ಲಿ ಪಾದರಸ ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಅನ್ನಲು ನೀರಿನ ಬಾಟಲಿಯೊಂದೇ ಸಾಲದು ಅನ್ನುತ್ತಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನೀರಿನ ಜೊತೆ ಮೀನನ್ನೂ ಕೆರೆಯ ಕೆಸರನ್ನೂ ಪರೀಕ್ಷೆಗೆ ಕಳಿಸುತ್ತೀರಾ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರೆದುಕೊಡಲಿ.