ದೊಡ್ಡಪ್ಪ ಬದುಕಿದ್ದಾರೆ, ಸಹಿ ಹಾಕಿಕೊಡಿ

ಹಬ್ಬಕ್ಕೆ ನ್ಯಾಮತಿಗೆ ಹೋದಾಗ ದೊಡ್ಡಪ್ಪ ಒಂದು ಲಕೋಟೆ ಕೈಗಿಟ್ಟರು. ಬ್ರಿಟನ್‌ನಿಂದ ಬಂದ ಫಾರಂ. ‘ನಾನಿನ್ನೂ ಬದುಕಿದ್ದೀನಿ ಅಂತ ಸಾಕ್ಷಿ ಬೇಕಂತೆ, ನೋಡಪ್ಪಾ.’ 16 ವಾರದೊಳಗೆ ವಾಪಸ್ ತಲುಪದಿದ್ದರೆ ಪೆನ್ಷನ್ ನಿಲ್ಲಬಹುದು.

ಅಂಚೆ ಇಲಾಖೆಯಿಂದ ನಿವೃತ್ತರಾದ ಅಪ್ಪನಿಗೆ ಮೊಬೈಲ್‌ನಲ್ಲೇ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಿಸಿದ್ದೆ. ಇದು ಹಾಗಲ್ಲ, ಕಾಗದವೇ ಹೋಗಬೇಕು. ಸಾಕ್ಷಿಗೆ ಮನೆಯವರು ಆಗಲ್ಲ. ಹೊನ್ನಾಳಿಯಲ್ಲಿ ಪರಿಚಯದ ಬ್ಯಾಂಕ್ ಅಧಿಕಾರಿ ಇದ್ದಾರೆ ಅಂತ ಬೈಕ್ ಹತ್ತಿದ್ವಿ.

ದಾರಿಯಲ್ಲಿ ದೊಡ್ಡಪ್ಪ ಲೆಕ್ಕ ಹೇಳಿದರು. ಮೂವತ್ತು ವರ್ಷಕ್ಕೂ ಹೆಚ್ಚು ಅಲ್ಲಿನ ಆಸ್ಪತ್ರೆಯಲ್ಲಿ ದುಡಿದು 2011ರಲ್ಲಿ ಊರಿಗೆ ಬಂದಾಗ ಸರ್ಕಾರದ ಪೆನ್ಷನ್ ವಾರಕ್ಕೆ 102.15 ಪೌಂಡ್. ಇವತ್ತಿಗೂ ಅಷ್ಟೇ! ಜೊತೆಗೇ ನಿವೃತ್ತರಾಗಿ ಅಲ್ಲೇ ಉಳಿದವರಿಗೆ 2025ರ ಏಪ್ರಿಲ್‌ನಿಂದ 176.45. ಅಮೆರಿಕದಲ್ಲಿ ನೆಲೆಸಿದ್ದರೂ ವರ್ಷವರ್ಷ ಏರುತ್ತಿತ್ತು. ಭಾರತ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರೋರಿಗೆ ಏರಿಕೆ ಇಲ್ಲ. ಕಟ್ಟಿದ ವಂತಿಗೆ ಮಾತ್ರ ಎಲ್ಲರದ್ದೂ ಒಂದೇ ಲೆಕ್ಕ. ನಮ್ಮ ಸಾಫ್ಟ್‌ವೇರ್‌ನಲ್ಲಿ ಹೀಗಿದ್ದಿದ್ರೆ ಬಗ್ ಅಂತ ಟಿಕೆಟ್ ಹಾಕ್ತಿದ್ದೆ.

‘ವಾಪಸ್ ಹೋಗಿ ಅಲ್ಲೇ ಇದ್ದರೆ ಈಗಿನ ದರ ಕೊಡ್ತಾರಂತಲ್ಲ?’ ಅಂದೆ.

‘ಈ ವಯಸ್ಸಲ್ಲಾ? ತೋಟಕ್ಕೆ ನೀರು ನೀನು ಬಿಡ್ತೀಯಾ?’

ನಾನು ಸುಮ್ಮನಾದೆ. ಲಂಡನ್‌ನಲ್ಲಿರೋ ನನ್ನ ಕಾಲೇಜು ಗೆಳೆಯ ಚನ್ನಗಿರಿಯವನು, ಕೊನೆಗೆ ಊರಿಗೇ ಬರ್ತೀನಿ ಅಂತಿರ್ತಾನೆ. ಅವನಿಗೆ ಅವತ್ತೇ ಮೆಸೇಜ್ ಹಾಕಿದೆ. ಫಾರಂ ಸ್ಪೀಡ್ ಪೋಸ್ಟ್‌ನಲ್ಲಿ ಹೋಯ್ತು. ತಲುಪಿತಾ ಅಂತ ದೊಡ್ಡಪ್ಪ ದಿನಾ ಫೋನ್ ಮಾಡ್ತಿದ್ದಾರೆ.