ಮುಧೋಳದ ಬೇಟೆನಾಯಿ ಮತ್ತು ಮಹಾನಗರದ ಮನೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನು ಊರಿಗೆ ಹೋಗಿ ಮರಳುವಾಗ ಬರಿಗೈಯಲ್ಲಿ ಬರುವುದಿಲ್ಲ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಧಾರವಾಡದ ಪೇಡೆಗಳು ಅವನ ಸಾಮಾನಿನೊಡನೆ ಬರುವುದು ವಾಡಿಕೆ. ಕೆಲವರು ಇವುಗಳೊಂದಿಗೆ ಮುಧೋಳದ ನಾಯಿಮರಿಯನ್ನೂ ತರಬಯಸುತ್ತಾರೆ. ಈ ಅಭಿಮಾನ ಸಹಜವಾದುದೇ. ಬಾಗಲಕೋಟೆ ಜಿಲ್ಲೆಯ ಈ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಭಾರತೀಯ ಸೇನೆಯು ಇದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕೊಂಡೊಯ್ದಿತು. ಆದರೆ ನಾಯಿಯನ್ನು ಸಾಕಲು ಅಭಿಮಾನವೊಂದೇ ಸಾಕೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮುಧೋಳದ ನಾಯಿಯು ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ, ಬಯಲಿನಲ್ಲಿ ಬೆನ್ನಟ್ಟಿ ಹಿಡಿಯುವ ಜಾತಿಯದು. ಉದ್ದನೆಯ ಕಾಲು, ಆಳವಾದ ಎದೆ, ಸಣ್ಣ ನಡು ಇವೆಲ್ಲವೂ ಓಟಕ್ಕೆಂದೇ ರೂಪುಗೊಂಡವು. ಭುಜದವರೆಗಿನ ಎತ್ತರವೇ 2 ಅಡಿಗೂ ಮಿಕ್ಕು. ಇಂಥ ಪ್ರಾಣಿಯನ್ನು ಎರಡು ಕೋಣೆಗಳ ಮನೆಯಲ್ಲಿ ಬಾಲ್ಕನಿಯ ಸರಳಿಗೆ ಕಟ್ಟಿ, ಯಜಮಾನರು ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೊರಟುಬಿಟ್ಟರೆ ಅದರ ಗತಿಯೇನು? ಅದು ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ, ಚಪ್ಪಲಿ ಕಡಿಯುತ್ತದೆ. ನೆರೆಯವರು ದೂರುತ್ತಾರೆ, ಮನೆಯವರು ನಾಯಿಯನ್ನು ಹೊಡೆಯುತ್ತಾರೆ. ತಪ್ಪು ನಾಯಿಯದಲ್ಲ.

ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಕಲಮು ಕ್ರೌರ್ಯವೆಂದೇ ಎಣಿಸಿದೆ. ಹೊಡೆತ ಮಾತ್ರವೇ ಹಿಂಸೆಯೆಂದು ತಿಳಿದಿರುವ ಸಜ್ಜನರು ಇದನ್ನು ಗಮನಿಸಬೇಕು.

ಸಾಲ ಮಾಡುವಾಗ ಕಂತು ತೀರಿಸುವ ಶಕ್ತಿಯುಂಟೇ ಎಂದು ಲೆಕ್ಕ ಹಾಕುವ ಗೃಹಸ್ಥನು, ಮರಿ ತರುವಾಗ ಹಣದ ಲೆಕ್ಕವನ್ನಷ್ಟೇ ಹಾಕುತ್ತಾನೆ, ಸಮಯದ ಲೆಕ್ಕವನ್ನು ಮರೆಯುತ್ತಾನೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ ಎಂದರೂ ವರ್ಷಕ್ಕೆ ಸುಮಾರು 550 ಗಂಟೆ. ನಾಯಿಯ ಆಯುಷ್ಯ 10 ವರ್ಷವೆಂದು ಹಿಡಿದರೆ 5,000 ಗಂಟೆಗೂ ಹೆಚ್ಚು. ಈ ಕಂತಿಗೆ ರಜೆಯಿಲ್ಲ. ಮಳೆಗಾಲದ ಮುಂಬಯಿಯಲ್ಲಿಯೂ ಇಲ್ಲ.

ಆರೋಗ್ಯದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಸುಮಾರು ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಅನಂತರ ಪಶುವೈದ್ಯರ ಸಲಹೆಯಂತೆ ಅದನ್ನು ತಪ್ಪದೆ ಮುಂದುವರಿಸಬೇಕು. ನಿಂತ ಮಳೆನೀರಿನಿಂದ ಇಲಿಜ್ವರದ ಭಯವುಂಟು, ಅದಕ್ಕೂ ಲಸಿಕೆಯಿದೆ. ಊಟವಾದ ಕೂಡಲೇ ಓಡಿಸಬಾರದು. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆಯುಬ್ಬರ ಪ್ರಾಣಾಂತಿಕವಾಗಬಲ್ಲದು. ಈರುಳ್ಳಿ ಬೆರೆತ ಹುಳಿಯನ್ನವನ್ನು ಪ್ರೀತಿಯಿಂದಲೂ ಹಾಕಕೂಡದು. ಈರುಳ್ಳಿ ನಾಯಿಯ ರಕ್ತಕಣಗಳಿಗೆ ವಿಷ. ಬೀದಿಯಲ್ಲಿ ಹಗ್ಗ ಬಿಚ್ಚುವುದಂತೂ ಸಲ್ಲದು. ಓಡುವ ಬೆಕ್ಕನ್ನು ಕಂಡರೆ ಈ ನಾಯಿಗೆ ಯಜಮಾನನ ಕರೆ ಕೇಳಿಸದು.

ಹಾಗಾದರೆ ಮಹಾನಗರದಲ್ಲಿ ಇದನ್ನು ಸಾಕಲೇಬಾರದೇ? ಹಾಗೆನ್ನುವುದು ಅತಿಯಾದೀತು. ನಡಿಗೆ ನಾಯಿಗೆಷ್ಟು ಹಿತವೋ, ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಮನುಷ್ಯನಿಗೂ ಅಷ್ಟೇ ಹಿತ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಧೋಳದ ನಾಯಿಯನ್ನು ನಿಷ್ಠೆಯಿಂದ ಸಾಕುವವರಿಗೆ ಇದು ಎರಡೇ ದಿನಗಳಲ್ಲಿ ಸಂದಾಯವಾಗುತ್ತದೆ.

ಆದುದರಿಂದ ಮರಿಯನ್ನು ತರಬಯಸುವವರು ಮೊದಲು ಒಂದು ಪರೀಕ್ಷೆಗೆ ಒಳಗಾಗಲಿ. ನಾಯಿಯಿಲ್ಲದೆಯೇ ಒಂದು ತಿಂಗಳು ದಿನವೂ ಬೆಳಗಿನ ಐದೂವರೆಗೆ ಎದ್ದು ಒಂದು ಗಂಟೆ, ಸಂಜೆ ಅರ್ಧ ಗಂಟೆ ನಡೆದುನೋಡಲಿ. ಒಂದು ದಿನವೂ ತಪ್ಪದಿದ್ದರೆ ಧೈರ್ಯವಾಗಿ ಮರಿಯನ್ನು ತರಬಹುದು. ತಪ್ಪಿದರೆ ಆ ಮರಿ ಮುಧೋಳದ ಬಯಲಿನಲ್ಲಿಯೇ ಸುಖವಾಗಿರಲಿ. ನಡೆದಷ್ಟು ದಿನಗಳ ಲಾಭವಂತೂ ನಡೆದವರ ಖಾತೆಗೇ ಜಮೆಯಾಗಿರುತ್ತದೆ.